ತಲೆದಿಂಬಿನಡಿಯ ಕಬ್ಬಿಣ

ಕುಪ್ಪೇಲೂರಿನಲ್ಲಿ ಬಾಣಂತಿಗೆ ಎರೆಯಬೇಕೆಂದರೆ ದೇವವ್ವನೇ ಬರಬೇಕು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಹೊಯ್ದಳೆಂದರೆ ಅದು ಅಳುವುದನ್ನೇ ಮರೆಯಬೇಕು. ಬಾಣಂತಿಯ ಸೊಂಟಕ್ಕೆ ಹಳೆ ಸೀರೆ ಬಿಗಿದಳೆಂದರೆ ಅಕಿ 'ಅಯ್ಯಯ್ಯ, ಸಾಕ ಬಿಡಬೇ' ಅನ್ನಬೇಕು. ಅಳ್ವಿ ಪಾಯಸ, ಅಂಟಿನುಂಡಿ, ಸಬ್ಬಸಗಿ ಪಲ್ಲೆ, ಎಲ್ಲದಕ್ಕೂ ಆಕೆಯದೇ ಹುಕುಂ. ಎದುರು ಮಾತಾಡಿದವರಿಗೆ, "ನನ್ನ ಕೈಯಾಗಿನ ಬಾಣಂತಿ ಒಬ್ಬಾಕೀನೂ ಸತ್ತಿಲ್ಲ, ತಿಳೀತಿಲ್ಲೋ?" ಅನ್ನುತ್ತಿದ್ದಳು. ಆ ಮಾತು ಆಡಬಾರದಿತ್ತು, ಖರೇನೇ ಆಡಬಾರದಿತ್ತು.

ಎರಡು ಸಾವಿರದ ನಾಲ್ಕರ ಚಳಿಗಾಲಕ್ಕೆ ದೇವವ್ವನ ಒಬ್ಬಳೇ ಮಗಳು ಮೇಘಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅವಳನ್ನು ಕದರಮಂಡಲಗಿಗೆ ಕೊಟ್ಟಿದ್ದರು. ಗಂಡ ದುರುಗೇಶ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವ. ಹೆರಿಗೆ ಮನೆಯಲ್ಲೇ ಆಯಿತು. ಗಂಡುಕೂಸು, ಚಂದ ಇತ್ತು. ಆದರೆ ರಕ್ತ ಬಹಳ ಹೋಯಿತು. ಮರುದಿನ ನರ್ಸಬಾಯಿ ಪುಷ್ಪಲತಾ ಬಂದು ಮೇಘಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವಳು ಸಪ್ಪಗಾದಳು.

"ಮೈಯಾಗ ರಕ್ತನ ಇಲ್ಲಲ್ಲ ದೇವವ್ವ! ಇವು ಕಬ್ಬಿಣದ ಗುಳಿಗಿ. ದಿನಾ ಊಟ ಆದಮ್ಯಾಲೆ ಒಂದು ಕೊಡು. ಬಾಣಂತಿಗೆ ಕಬ್ಬಿಣ ಬೇಕ ಬೇಕು."

ಬಾಣಂತಿಗೆ ಕಬ್ಬಿಣ ಬೇಕೆಂಬುದು ದೇವವ್ವನಿಗೆ ಹೊಸ ಮಾತೇ? ಗಾಳಿ ಸೋಕಬಾರದೆಂದು ಬಾಣಂತಿಯ ತಲೆಗಡೆ ಕುಡಗೋಲು ಇಡಿಸುವವಳೇ ಆಕೆ. ಆದರೆ ಕಬ್ಬಿಣವನ್ನು ಹೊಟ್ಟೆಗೆ ಹಾಕುವುದೆಂದರೇನು? ಆದರೂ ನರ್ಸಬಾಯಿಯ ಮಾತಿಗೆ ಬೆಲೆ ಕೊಟ್ಟು ಒಂದೆರಡು ನುಂಗಿಸಿದಳು. ಮೇಘಾಗೆ ಹೊಟ್ಟೆ ತೊಳಸಿತು. ಆಮೇಲೆ, "ಅವ್ವಾ, ಹೊರಕಡಿ ಇದ್ದಿಲಿನಂಗ ಕರ್ರಗ ಆತು" ಅಂದಳು. ಹಸಿ ಮೈಯೊಳಗೆ ಕಬ್ಬಿಣ ತುಕ್ಕು ಹಿಡಿಯಾಕತ್ತೈತಿ ಅಂತ ದೇವವ್ವನಿಗೆ ಖಾತ್ರಿಯಾಯಿತು. ಆ ಗುಳಿಗೆ ನುಂಗಿದವರಿಗೆಲ್ಲ ಮಲ ಕಪ್ಪಗಾಗುತ್ತದೆಂದು ನರ್ಸಬಾಯಿ ಹೇಳಿರಲಿಲ್ಲ. ದೇವವ್ವ ಕೇಳುವ ಪೈಕಿಯೂ ಅಲ್ಲ.

ಎಸೆದರೆ ನರ್ಸಬಾಯಿಗೆ ಸಿಟ್ಟು, ನುಂಗಿಸಿದರೆ ಮಗಳಿಗೆ ಕುತ್ತು. ದೇವವ್ವ ಗುಳಿಗೆಯ ಪೊಟ್ಟಣವನ್ನು ಕುಡಗೋಲಿನ ಜೊತೆ ತಲೆದಿಂಬಿನಡಿ ತುರುಕಿದಳು. ಕಬ್ಬಿಣ ಎಲ್ಲಿರಬೇಕೋ ಅಲ್ಲೇ ಇದೆಯಲ್ಲ, ಮತ್ತೇನು? ತನ್ನ ಶ್ಯಾಣ್ಯಾತನವನ್ನು ತಾನೇ ಮೆಚ್ಚಿಕೊಂಡಳು, ಪುಣ್ಯಾತ್ಗಿತ್ತಿ!

ಮೇಘಾ ದಿನದಿನಕ್ಕೆ ಬೆಳ್ಳಗಾದಳು. ನೋಡಲು ಬಂದವರು ಅದನ್ನು ಬಾಣಂತಿ ಕಳೆ ಅಂದರು. ಕಾಲು ಬಾತವು, "ಅಳ್ವಿ ಉಂಡದ್ದು ಮೈಗೆ ಹತ್ತೈತಿ" ಅಂದಳು ದೇವವ್ವ. ಕೂಸಿಗೆ ಹಾಲೂಡಿಸಲು ಕುಂತರೂ ಮಗಳಿಗೆ ಏದುಸಿರು. ನರ್ಸಬಾಯಿ ಹೊಸ್ತಿಲಲ್ಲಿ ನಿಂತು, "ಗುಳಿಗಿ ನಡದಾವೇನ?" ಎಂದು ಕೇಳಿದಾಗ, ದೇವವ್ವ "ನಡದಾವ್ರಿ" ಅಂದಳೇ ಹೊರತು ಒಳಗೆ ಕರೆಯಲಿಲ್ಲ. ಮನಸ್ಸಿನಲ್ಲಿ ಅಳುಕಿತ್ತು. ಕೂಸು ಅತ್ತಾಗ ಮಗಳು ಕಣ್ಣು ತೆರೆಯಲು ತಡಮಾಡಿದರೆ ಓಡಿಹೋಗಿ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

ಒಂದು ಮುಂಜಾನೆ ಬಚ್ಚಲಿಗೆಂದು ಎದ್ದ ಮೇಘಾ ಅಲ್ಲೇ ಕುಸಿದಳು. ಜೀಪಿನಲ್ಲಿ ರಾಣೇಬೆನ್ನೂರಿಗೆ ಒಯ್ದರು. ಸುದ್ದಿ ಮುಟ್ಟಿ ದುರುಗೇಶ ಮೆಣಸಿನ ಘಾಟು ಹೊತ್ತ ಅಂಗಿಯಲ್ಲೇ ದವಾಖಾನೆಗೆ ಓಡಿಬಂದ. ಡಾಕ್ಟರು ಮೇಘಾಳ ಉಗುರು ನೋಡಿ, "ಕಬ್ಬಿಣದ ಗುಳಿಗಿ ತಗೊಂಡೀಯೇನವಾ?" ಎಂದು ಕೇಳಿದರು.

ಅಳಿಯ ದೇವವ್ವನ ಕಡೆ ತಿರುಗಿದ. ಅಷ್ಟರಲ್ಲಿ ಮೇಘಾ ಬಾಯಿ ತೆರೆದಳು: "ನುಂಗೇನ್ರಿ... ಅವ್ವ ದಿನಾ ಕೊಡತಿದ್ಲು."

ಏನು ಹೇಳೋಣ ಆ ಹುಡುಗಿಗೆ! ಉಸಿರಾಡಲು ತ್ರಾಣ ಇಲ್ಲ, ಅವ್ವನ ಮಾನ ಕಾಯಾಕ ಹೊಂಟಾಳ! ಈಗಲಾದರೂ ದೇವವ್ವ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

"ನುಂಗಿದ್ರೂ ಹಿಂಗಂದ್ರ ಒಳಗ ಬ್ಯಾರೆ ಏನೋ ಐತಿ. ಏರಸಾಕ ರಕ್ತಾನೂ ಇಲ್ಲಿಲ್ಲ. ಲಗೂನ ದಾವಣಗೆರಿಗೆ ಒಯ್ರಿ" ಅಂದರು ಡಾಕ್ಟರು.

ಜೀಪು ಹರಿಹರ ಮುಟ್ಟುವುದರೊಳಗೆ ಮೇಘಾಳ ಕೈ ದೇವವ್ವನ ಕೈಯಲ್ಲೇ ತಣ್ಣಗಾಯಿತು.

ಊರವರು ಗಾಳಿ ಸೋಕಿತು ಅಂದರು, ಹಣೆಬರಹ ಅಂದರು. ದೇವವ್ವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು.

ದಿವಸದ ಕಾರ್ಯ ಮುಗಿಸಿ ಹೊರಟ ದುರುಗೇಶ ಅತ್ತೆಯ ಕಾಲಿಗೆರಗಿದ. "ನೀವು ಜ್ವಾಪಾನ ಮಾಡಿದಂಗ ಯಾರೂ ಮಾಡತಿದ್ದಿಲ್ರಿ ಅತ್ತಿ. ಡಾಕ್ಟರ ಮುಂದ ಅಕಿನ ಹೇಳಿದ್ಲಲ್ಲ" ಅಂದ. ಕಣ್ಣೊರಸಿಕೊಂಡು ಮತ್ತೆ ಅಂದ, "ನಮ್ಮ ತಂಗಿ ಸುರೇಖಾಗ ಬರೋ ತಿಂಗಳು ದಿನಾ ತುಂಬ್ತಾವ್ರಿ. ಅವ್ವ ಇಲ್ಲದ ಹುಡುಗಿ. ಅಕಿ ಬಾಣಂತನಕ್ಕ ನೀವ ಬರಬೇಕು."

ಒಲ್ಲೆ ಅನ್ನಬೇಕೆಂದೇ ದೇವವ್ವ ತಲೆಯೆತ್ತಿದಳು. ಒಲ್ಲೆ ಅಂದರೆ ಯಾಕ ಅಂತ ಕೇಳ್ತಾನಲ್ಲ? ಕೇಳಿದರೆ ಏನಂತ ಹೇಳುವುದು?

"ಬರ್ತೇನ್ರಿ" ಅಂದಳು.