ಗಟ್ಟಿ ಮೈಯ ಹುಡುಗರು ಬೇಕಾಗಿದ್ದರು

ಹೋದ ತಿಂಗಳು ಹುಬ್ಬಳ್ಳಿಯ ಕೇಶ್ವಾಪುರದ ಡಾಕ್ಟರು ನನಗೆ ರಕ್ತದೊತ್ತಡದ ಗುಳಿಗೆ ಬರೆದುಕೊಟ್ಟು, ‘ಅಂಜಬ್ಯಾಡ್ರಿ, ಎಲ್ಲಾ ಪರೀಕ್ಷಾ ಮಾಡೇ ಮಾರಾಕ ಬಿಟ್ಟಿರ್ತಾರ’ ಎಂದರು. ಪಾಪ, ಧೈರ್ಯಕ್ಕೆ ಹೇಳಿದ ಮಾತು. ನನಗೋ ಮೈಯೆಲ್ಲ ಉರಿಯಿತು. ಅಂಥ ಪರೀಕ್ಷೆ ಯಾರ ಮೇಲೆ ನಡೆಯುತ್ತದೆಂದು ನನಗೆ ಗೊತ್ತು. ಒಬ್ಬನ ಹೆಸರಂತೂ ಗೊತ್ತು.

ಎಷ್ಟೋ ವರ್ಷಗಳ ಹಿಂದೆ ಸಲೀಮ ಮತ್ತು ನಾನು ಪೊಲೀಸ್ ಇಲಾಖೆಯ ಪಿಎಸ್‌ಐ ಪರೀಕ್ಷೆಗೆ ಓದುತ್ತ ಧಾರವಾಡದ ಒಂದೇ ಕೋಣೆಯಲ್ಲಿದ್ದೆವು. ಅವನಪ್ಪ ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಬೆಳಿಗ್ಗೆ ಮೈದಾನದಲ್ಲಿ ಸಲೀಮ ಓಡಿದರೆ ಉಳಿದವರು ನಿಂತು ನೋಡುತ್ತಿದ್ದರು. ನಾನು ಓಡುತ್ತಿದ್ದೆ ಎನ್ನುವುದಕ್ಕಿಂತ ಅವನ ಹಿಂದೆ ಏದುಸಿರು ಬಿಡುತ್ತ ಬದುಕಿಕೊಳ್ಳುತ್ತಿದ್ದೆ ಎನ್ನಿ. ಅಲ್ಲೇ ಬೈಕಿಗೊರಗಿ ಏಜೆಂಟನೊಬ್ಬ ನಿಲ್ಲುತ್ತಿದ್ದ. ಸಂತೆಯಲ್ಲಿ ಎತ್ತು ನೋಡುವವರ ಕಣ್ಣು ಅವನದು.

‘ಔಷಧ ಕಂಪನಿಗೆ ಗಟ್ಟಿ ಮೈಯ ಹುಡುಗ್ರು ಬೇಕಾಗ್ಯಾರ. ಬೆಂಗಳೂರಿಗೆ ಹೋಗೂದು, ಗುಳಿಗಿ ನುಂಗೂದು, ರಕ್ತಾ ಕೊಡೂದು, ಟಿವಿ ನೋಡ್ಕೋತ ಮಲಗೂದು. ಕೋಚಿಂಗ್ ಫೀ ಕೈಗೆ ಬರ್ತದ.’

ಇಬ್ಬರೂ ಹೋದೆವು. ನನ್ನಲ್ಲಿ ರಕ್ತವೇ ಕಡಿಮೆಯೆಂದು ವಾಪಸು ಕಳಿಸಿದರು. ‘ನಿನ್ನ ರಕ್ತ ಪುಕ್ಕಟ ಕೊಟ್ರೂ ಯಾರೂ ಒಲ್ರಲ್ಲೋ!’ ಎಂದು ಸಲೀಮ ಬಿದ್ದು ಬಿದ್ದು ನಕ್ಕ. ಇದನ್ನು ಮದುವೆ ಊಟಗಳಲ್ಲಿ ಎಷ್ಟೋ ವರ್ಷ ನಗೆಮಾತಾಗಿ ಹೇಳುತ್ತ ಬಂದೆ. ನಂತರದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನನ್ನು ತೆಗೆದುಕೊಂಡರು. ಬಂದ ದುಡ್ಡಿನಲ್ಲಿ ಸಲೀಮ ಫೀ ಕಟ್ಟಿ, ಉಳಿದದ್ದರಲ್ಲಿ ಅಮ್ಮಿಗೆ ಕುಕ್ಕರ್ ತಂದ. ಒಂದು ಔಷಧ ಪರೀಕ್ಷೆಗೆ ಹೋಗಿಬಂದವರು ಕೆಲವು ತಿಂಗಳು ಇನ್ನೊಂದಕ್ಕೆ ಹೋಗಬಾರದೆಂಬ ನಿಯಮವಿದೆ. ಆದರೂ ಏಜೆಂಟ ಮರುತಿಂಗಳೇ ಅವನನ್ನು ಬೇರೆ ಕಂಪನಿಗೆ ಕಳಿಸಿದ. ‘ಹಿಂದಿಂದು ಹೇಳಬ್ಯಾಡ. ಯಾರ್ ಕೇಳ್ತಾರ?’

ಅಲ್ಲಿಂದ ಬಂದಾಗ ಸಲೀಮನ ಕಣ್ಣುಗಳು ಅರಿಸಿನದಂತಿದ್ದವು. ಮೈದಾನದ ನಡುವೆಯೇ ಕುಸಿದು ಕುಳಿತ. ಲಿವರ್ ಊದಿದೆ ಎಂದರು ಆಸ್ಪತ್ರೆಯಲ್ಲಿ. ಯಾವ ಗುಳಿಗೆ ತಿಂದೆ ಎಂದು ಕೇಳಿದರೆ ಅವನಿಗೆ ಗೊತ್ತಿದ್ದದ್ದು ಇಷ್ಟೇ: ‘ಬೆಳ್ಳಗಿತ್ರಿ ಸರ್, ದುಂಡಗಿತ್ತು.’

ಅವನ ಅಮ್ಮಿಯನ್ನು ಕರೆದುಕೊಂಡು ಏಜೆಂಟನ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಲ್ಲಿಸಿದ.

‘ನನ್ನ ಮಗಗ ಏನೂ ಜಡ್ಡ ಇರಲಿಲ್ರಿ. ಮತ್ತ ಯಾಕ ಔಷಧ ತಿನಿಸಿದ್ರಿ?’

‘ತಾನಾಗೇ ಒಪ್ಪಿ ಹೋಗ್ಯಾನವ್ವಾ. ಸುಳ್ಳ ಹೇಳಿದಾಂವನೂ ಅವನ.’

‘ಖರೇ. ಹೇಳಂತ ಕಲಿಸಿದಾಂವ ಯಾರು?’

ಬಾಗಿಲು ಹಾಕಿಕೊಂಡ. ಫೋನು ಮಾಡಿದರೆ ಒಂದು ಕಂಪನಿ ಇನ್ನೊಂದರ ಕಡೆ ಬೆರಳು ತೋರಿಸಿತು. ಎರಡೂ ಅವನನ್ನು ಸ್ವಯಂಸೇವಕ ಎಂದೇ ಕರೆದವು. ಸೇವೆಯಂತೆ! ಫೀ ಕಟ್ಟಲಾಗದವನ ಕುತ್ತಿಗೆ ಹಿಡಿದು, ನೀನೇ ಬಗ್ಗಿದೆಯಲ್ಲ ಎನ್ನುವ ಈ ನಾಜೂಕಿಗೆ ಬೆಂಕಿ ಬೀಳಲಿ. ಓಟದ ಪರೀಕ್ಷೆಯ ದಿನ ಸಲೀಮ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಜೀವ ಉಳಿಯಿತು, ಮೊದಲಿನ ಕಸುವು ಬರಲಿಲ್ಲ.

ಹೋದ ತಿಂಗಳು ಆ ಡಾಕ್ಟರ ಬಳಿಯಿಂದ ನಾನು ನೇರ ಸಲೀಮ ಈಗ ನಡೆಸುತ್ತಿರುವ ಬ್ಯಾಟರಿ ಅಂಗಡಿಗೆ ಹೋಗಿ ಕೂಗಾಡಿದೆ. ಸಲೀಮ ಚಹಾ ತರಿಸಿದ. ‘ಇಲ್ಲಿ ಕುಂತು ಒದರಿದ್ರ ಏನ್ ಬಂತೋ? ಮೈದಾನದಾಗ ಈಗ ಬ್ಯಾರೇ ಏಜೆಂಟ ನಿಲ್ಲಾಕತ್ತಾನ. ನಾನೂ ದಿನಾ ಹೋಗಿ ನಿಲ್ಲಾಕತ್ತೇನಿ.’

ಮರುದಿನ ಜೊತೆಗೆ ಹೋದೆ. ಸಲೀಮ ಓಡುವವರನ್ನು ತಡೆದು ನಿಲ್ಲಿಸಿ, ಬೈಕಿಗೊರಗಿ ನಿಂತ ಹೊಸ ಏಜೆಂಟನಿಗೆ ಕೇಳುವಂತೆಯೇ ತನ್ನ ಕಥೆ ಹೇಳಿದ. ಏಜೆಂಟ ಗಾಡಿಗೆ ಕಿಕ್ ಹೊಡೆದು ಹೋದ.

‘ನಾಳಿ ಮತ್ತ ಬರ್ತಾನ’ ಎಂದೆ.

‘ಬರ್ಲಿ. ನೀನೂ ಬಾ.’

ಈಗ ದಿನಾ ಹೋಗುತ್ತೇನೆ. ಒದರಿ ಒದರಿ ಗಂಟಲು ಕಟ್ಟಿದೆ. ಸಿಟ್ಟು ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.