ಬಾನೆಟ್ಟಿನ ಹೊದಿಕೆ ಮತ್ತು ದಡಬಡ

ಗ್ಯಾರೇಜಿನ ಮೆಕ್ಯಾನಿಕ್‌ಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ದಡಬಡ. ಚಹಾ ಆರುವಷ್ಟು ಹೊತ್ತೂ ಕಾಯದೆ ನಾಲಿಗೆ ಸುಟ್ಟುಕೊಳ್ಳುವ ಜೀವ. ಕೈಕೆಲಸವೇನೋ ಬಂಗಾರ. ಬೋಲ್ಟು ಅವನ ಮಾತು ಕೇಳುತ್ತಿತ್ತು, ಎಂಜಿನ್ನು ಕೇಳುತ್ತಿತ್ತು, ಗೋಂದು ಮಾತ್ರ ಕೇಳುತ್ತಿರಲಿಲ್ಲ.

ಡಾಕ್ಟರಮ್ಮನ ಕಾರಿನ ಬಾನೆಟ್ಟಿನ ಒಳಮೈಗೆ ಎಂಜಿನ್ನಿನ ಕಾವು ತಡೆಯುವ ದಪ್ಪ ಹೊದಿಕೆಯೊಂದಿತ್ತು. ಅದು ಕಳಚಿ ಜೋತುಬಿದ್ದಿತ್ತು. ದಡಬಡ ಗೋಂದು ಬಳಿದವನೇ ಹಸಿಹಸಿಯಾಗಿ ಒತ್ತಿಬಿಟ್ಟ. ಬಿತ್ತು. ಮತ್ತೆ ಒತ್ತಿದ, ಮತ್ತೆ ಬಿತ್ತು.

"ಇನ್ನೊಂದ್ಸಲ ಬಿದ್ರೆ ಕಾರು ಬೇರೆ ಗ್ಯಾರೇಜಿಗೆ," ಅಂದುಬಿಟ್ಟರು ಡಾಕ್ಟರಮ್ಮ. ಅವರು ಹೋದರೆ ಅವರ ಮಾತು ನಂಬಿ ಬಂದ ಅರ್ಧ ಬೀದಿಯೂ ಹಿಂದೆಯೇ ಹೊರಡುತ್ತಿತ್ತು.

ಪಕ್ಕದಲ್ಲೇ ಕಾರಿನ ಸೀಟು ಹೊಲಿಯುವ ಅಂಗಡಿ ಅವನ ಅತ್ತಿಗೆಯದು. ಈ ಗೋಂದಿನ ಗುಣ ಅವಳಿಗೆ ಗೊತ್ತು. ಎರಡೂ ಕಡೆ ಬಳಿದು, ಬೆರಳಿಟ್ಟರೆ ಅಂಟದಷ್ಟು ಆರಿದ ಮೇಲೇ ಜೋಡಿಸಬೇಕು. ಹೇಳಿಯೂ ಹೇಳಿದ್ದಳು.

"ಒಣಗಿದ್ಮೇಲೂ ಅಂಟ್ಕೊಂಡಿರೋಕೆ ಅದೇನು ನಮ್ಮಣ್ಣನಾ ಅತ್ತಿಗೆ?" ಅಂತ ನಕ್ಕಿದ್ದ.

ಈ ಸಲ ಅವಳು ಬುದ್ಧಿ ಹೇಳಲಿಲ್ಲ. ಅವನು ಹಳೇ ಗೋಂದು ಕೆರೆದು, ಎರಡೂ ಕಡೆ ಹೊಸದು ಬಳಿದು, ಹೊದಿಕೆಗೆ ಕೈ ಹಾಕುವಷ್ಟರಲ್ಲಿ ಮೆಲ್ಲಗೆ ಕೆಣಕಿದಳು: "ಅಲ್ಲಯ್ಯ, ಲೈಸೆನ್ಸಿನ ಪರೀಕ್ಷೇಲಿ ಇನ್ಸ್‌ಪೆಕ್ಟರನ್ನೇ ಬಿಟ್ಟು ಕಾರು ಓಡಿಸ್ಕೊಂಡು ಹೋಗಿದ್ಯಂತೆ?"

"ಯಾರಂದಿದ್ದು? ಅವನು ಹತ್ತೋಕೆ ತಡ ಮಾಡಿದ!"

ಶುರುವಾಯಿತು ನೋಡಿ. ಸ್ಪ್ಯಾನರೇ ಸ್ಟಿಯರಿಂಗಾಯಿತು, ಡಬ್ಬವೇ ಸೀಟಾಯಿತು. ಅತ್ತಿಗೆ ಹೂಂ ಹೂಂ ಅನ್ನುತ್ತಲೇ ಗೋಂದಿಗೆ ಬೆರಳು ತಾಗಿಸಿ ನೋಡಿದಳು. ಇನ್ನೂ ಅಂಟಂಟು. "ಆಮೇಲೆ?" ಅಂದಳು. ಮತ್ತೆ ನೋಡಿದಳು. ಹದ ಬಂದಿತ್ತು. ಆದರೆ ಮೈದುನನ ಬಾಯಿಗೆ ಬ್ರೇಕೇ ಇರಲಿಲ್ಲ!

"ಸಾಕು, ಅಂಟಿಸಯ್ಯ!"

"ಇರಿ ಅತ್ತಿಗೆ, ಇನ್ನೂ ಮೊದಲ ತಿರುವಿಗೇ ಬಂದಿಲ್ಲ."

ಇನ್ನು ತಡೆದರೆ ಗೋಂದು ಪೂರಾ ಸತ್ತು ಹೋಗುತ್ತಿತ್ತು. ಅವಳು ಹೊದಿಕೆಯ ಒಂದು ತುದಿಯನ್ನು ಅವನ ಕೈಗೆ ತುರುಕಿ, ಇನ್ನೊಂದನ್ನು ತಾನೇ ಹಿಡಿದಳು. "ಒತ್ತುತ್ತಾ ಹೇಳು!" ಅವನು ಇನ್ಸ್‌ಪೆಕ್ಟರನ್ನು ಬೈಯುತ್ತ ಮಧ್ಯದಿಂದ ಅಂಚಿನವರೆಗೆ ಬಲವಾಗಿ ಒತ್ತಿದ.

ಬೇಸಗೆಯಿಡೀ ಓಡಿದ ಕಾರು ತಿರುಗಿ ಬಂತು. ಡಾಕ್ಟರಮ್ಮ ಬಾನೆಟ್ಟು ಎತ್ತಿ ಹೊದಿಕೆಯ ಮೂಲೆಯನ್ನು ಜಗ್ಗಿ ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಪರವಾಗಿಲ್ವೇ! ಈ ಸಲ ಏನು ಮಾಡಿದ್ರಿ?"

ದಡಬಡ ಗಂಭೀರವಾಗಿ ಕೈ ಒರೆಸಿಕೊಂಡ. "ಗೋಂದು ಅಂದ್ರೆ ತಾಳ್ಮೆ ಬೇಕಮ್ಮ. ಆತುರಗಾರರ ಕೆಲಸ ಅಲ್ಲ ಇದು."

ಪಕ್ಕದಂಗಡಿಯಲ್ಲಿ ಅತ್ತಿಗೆ ನಗು ಹೊರಬೀಳದಂತೆ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಹಿಡಿದು, ಹೊಲಿಗೆ ಯಂತ್ರದ ಮೇಲೆ ಪೂರ್ತಿ ಬಗ್ಗಿಬಿಟ್ಟಳು.