ಜಗಳದ ಟೀಚರ್

ಆಯಮ್ಮ ಆ ಟೀಚರನ್ನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ, ಶಾಲೆಯ ಮಹಡಿಯ ಕೊನೆಯ ಕೋಣೆ ಒರೆಸುತ್ತಿದ್ದಾಗ. ಬೇರೆ ಟೀಚರುಗಳೆಲ್ಲ ಒದ್ದೆ ನೆಲದ ಮೇಲೆ ಟಪಟಪ ನಡೆದುಹೋಗುವವರೇ. ಈ ಹೊಸಬರು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಾಚೆ ನಿಂತರು.

"ಒಣಗೋಕೆ ಎಷ್ಟು ಹೊತ್ತು ಬೇಕಮ್ಮ?"

"ಫ್ಯಾನ್ ಹಾಕಿದ್ರೆ ಹತ್ತು ನಿಮಿಷ. ತಾವು ಯಾವ ಪಾಠ?"

"ಜಗಳ."

"ಅದನ್ನ ಕಲಿಸೋಕೆ ಸಂಬಳ ಕೊಟ್ಟು ಕರೆಸಿದ್ದಾರಾ? ನಮ್ಮ ಬೀದಿ ನಲ್ಲಿ ಹತ್ರ ಕಳಿಸಿ, ಪುಕ್ಕಟೆ ಕಲಿತು ಬರ್ತಾರೆ!"

ಟೀಚರ್ ಗೋಡೆ ಹಿಡಿದುಕೊಂಡು ನಕ್ಕರು. ನೆಲ ಒಣಗುವ ತನಕ ನಿಂತೇ ಇದ್ದರು.

ಗಂಡ ತೀರಿಕೊಂಡ ಮೇಲೆ ಆಯಮ್ಮ ಆ ಶಾಲೆಯ ಕಸ ಗುಡಿಸಲು ಸೇರಿ ಆಗಲೇ ಹತ್ತೊಂಬತ್ತು ವರ್ಷ. ಓದು ಎಂದರೆ ಹೆಸರು ಬರೆಯುವಷ್ಟು, ಬೋರ್ಡಿನ ಅಕ್ಷರ ಒಂದೊಂದೇ ಕೂಡಿಸುವಷ್ಟು. ಟೀಚರ್ ಬಂದಿದ್ದು ಪರೀಕ್ಷೆ ಇಟ್ಟು ಹೆಕ್ಕಿದ ಹದಿನಾಲ್ಕು ಜಾಣ ಮಕ್ಕಳಿಗಾಗಿ. ವಿಜ್ಞಾನವೆಂದು ಒಂದೇ ಕುಂಡದಲ್ಲಿ ಎರಡು ಗಿಡ ನೆಟ್ಟು, ನೀರಿಗಾಗಿ ಬೇರುಗಳು ಹೇಗೆ ಗುದ್ದಾಡುತ್ತವೆಂದು ಮಕ್ಕಳಿಗೆ ತೋರಿಸುತ್ತಿದ್ದರು. ಚರಿತ್ರೆಯಲ್ಲಿ ಗೆದ್ದ ರಾಜನ ಪತ್ರವನ್ನೂ ಸೋತವನ ಪತ್ರವನ್ನೂ ಒಬ್ಬನೇ ಹುಡುಗ ಬರೆಯಬೇಕು. ಲೆಕ್ಕದಲ್ಲಿ ಪಾಲಿನ ಪಾಠ: ಒಬ್ಬರು ಭಾಗ ಮಾಡಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು, ಆಗ ಮೋಸಕ್ಕೆ ಎಡೆಯಿಲ್ಲ. ಎಲ್ಲಕ್ಕೂ ಒಂದೇ ಕಟ್ಟಳೆ. ಎದುರಾಳಿಯ ಮಾತನ್ನು ಅವನೇ "ಹೌದು, ನಾನಂದಿದ್ದು ಇದೇ" ಅನ್ನುವ ಹಾಗೆ ಮೊದಲು ಹೇಳಬೇಕು, ತನ್ನದು ಆಮೇಲೆ.

ಜಾಣರ ಮಾತು ಜಾಣರಿಗಷ್ಟೇ ತಿಳಿದರೆ ಸಾಲದೆಂದು ಟೀಚರ್ ಆಯಮ್ಮನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ತಿಳಿಯಿತೆಂದು ಅವಳು ತಲೆಯಾಡಿಸಿದರೆ ಮಕ್ಕಳು ಪಾಸು.

"ಏನಮ್ಮ, ನೀನೂ ಜಾಣರ ಕ್ಲಾಸಿಗೆ ಸೇರಿದ್ಯಂತೆ?" ಎಂದು ಹೆಡ್‌ಮಾಸ್ಟರು ಕಿಚಾಯಿಸಿದರು.

"ದಡ್ಡಿ ಒಬ್ಬಳು ಇಲ್ದಿದ್ರೆ ಜಾಣರು ಯಾರು ಅಂತ ಗೊತ್ತಾಗೋದು ಹೇಗೆ ಸಾರ್?"

"ನಮ್ಮಪ್ಪ, ದೊಡ್ಡಪ್ಪ ಇಬ್ಬರೂ ಮಾತು ಬಿಟ್ಟೇ ಸತ್ತರು ಆಯಮ್ಮ," ಎಂದಿದ್ದರು ಟೀಚರ್ ಒಮ್ಮೆ, ಬೋರ್ಡು ಒರೆಸುತ್ತಾ. "ಈ ಮಕ್ಕಳಾದ್ರೂ ಹಾಗಾಗ್ದೆ ಇರ್ಲಿ."

ಹದಿನಾಲ್ಕರಲ್ಲಿ ಎಲ್ಲರಿಗಿಂತ ಚಿಕ್ಕವಳು ಗುಬ್ಬಿ. ಹನ್ನೊಂದು ವರ್ಷ, ಅರಳು ಹುರಿದ ಹಾಗೆ ಮಾತು. ನಿಮ್ಮ ಮನೆಯ ಒಂದು ಜಗಳವನ್ನು, ಬೇಕಾದರೆ ಕಟ್ಟಿಯಾದರೂ, ಎರಡೂ ಕಡೆಯಿಂದ ಬರೆದು ತನ್ನಿ ಎಂದು ಟೀಚರ್ ಹೇಳಿದ್ದ ವಾರ, ಓದುವ ದಿನ ಬೆಳಿಗ್ಗೆ ಆ ಹುಡುಗಿ ಕೈ ತೊಳೆಯುವ ಜಾಗದಲ್ಲಿ ಆಯಮ್ಮನ ಸೆರಗು ಹಿಡಿದಳು. ಕಣ್ಣು ಊದಿತ್ತು.

"ಇವತ್ತು ಓದೋಕೆ ನನ್ನ ಎಬ್ಬಿಸ್ಬೇಡಿ ಅಂತ ಟೀಚರಿಗೆ ಹೇಳ್ತೀರಾ? ನಾನು ನಿಜವಾದದ್ದೇ ಬರ್ದುಬಿಟ್ಟಿದ್ದೀನಿ."

"ನೀನೇ ಹೇಳ್ಬಾರ್ದಾ ಪುಟ್ಟಿ?"

"ನಾನು ಹೇಳಿದ್ರೆ ಯಾಕೆ ಅಂತ ಕೇಳ್ತಾರೆ."

ಹೇಳ್ತೀನಿ ಎಂದಳು ಆಯಮ್ಮ. ಮೆಟ್ಟಿಲು ಹತ್ತುವಷ್ಟರಲ್ಲಿ ಮನಸ್ಸು ಹಿಂದೆಗೆಯಿತು. ಯಾರನ್ನು ಎಬ್ಬಿಸಬೇಕು, ಯಾರನ್ನು ಕೂರಿಸಬೇಕು ಎಂದು ಪೊರಕೆ ಹಿಡಿಯುವವಳು ಬುದ್ಧಿ ಹೇಳುವುದೇ? ಓದಿದವರಿಗೆ ತಿಳಿಯದ್ದೇನಿದೆ ಎಂದುಕೊಂಡು ಸುಮ್ಮನೆ ಬೆಂಚಿನಲ್ಲಿ ಕೂತಳು.

ಒಬ್ಬ ಟಿವಿ ರಿಮೋಟಿನ ಜಗಳ ಓದಿದ, ಇನ್ನೊಬ್ಬ ಕಿಟಕಿ ಪಕ್ಕದ ಸೀಟಿನದು. ಟೀಚರ್ ಗುಬ್ಬಿಯ ಹೆಸರು ಕೂಗಿದರು. ಅವಳ ಜಗಳದಲ್ಲಿ ಅಪ್ಪ ಅಮ್ಮ ಬೇರೆಯಾಗುತ್ತಿದ್ದರು. ಅಮ್ಮನ ಕಡೆ ಹೇಳಿದಳು, ಅಪ್ಪನ ಕಡೆ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಟೀಚರ್ ಅದನ್ನು ಕಟ್ಟಿದ ಕಥೆ ಎಂದೇ ನಂಬಿದ್ದರು. ಮುಖ ಅರಳಿತ್ತು.

"ಇಬ್ಬರು ಮಕ್ಕಳಿದ್ದಾರಲ್ಲ, ಅವರ ಗತಿ? ಲೆಕ್ಕದ ಪಾಠ ನೆನಪು ಮಾಡ್ಕೋ."

ಗುಬ್ಬಿ ಒಮ್ಮೆ ತಿರುಗಿ ಆಯಮ್ಮನನ್ನು ನೋಡಿದಳು.

"ಒಂದು ಕಡೆ ಅಕ್ಕ, ಒಂದು ಕಡೆ ತಮ್ಮ. ಅಮ್ಮ ಭಾಗ ಮಾಡ್ಲಿ. ಅಪ್ಪ ಆರಿಸ್ಕೊಳ್ಳಲಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರ್ ಹಿಂದಿನ ಬೆಂಚಿನ ಕಡೆ ನೋಡಿದರು. ಆಯಮ್ಮ ತಲೆಯಾಡಿಸಿದಳು. ಕೆಂಪು ಶಾಯಿಯಲ್ಲಿ ನೂರಕ್ಕೆ ನೂರು ಬಿತ್ತು.

ಮೂರು ವಾರದ ಮೇಲೆ ಗುಬ್ಬಿಯ ತಾಯಿ ಅದೇ ನೋಟ್‌ಬುಕ್ ಹಿಡಿದು ಟೀಚರ್ ಹತ್ತಿರ ಬಂದರು.

"ನಮ್ಮ ಯಜಮಾನ್ರು ಇದನ್ನ ತೋರಿಸಿ, ಟೀಚರೇ ಸರಿ ಹಾಕಿದ್ದಾರೆ, ಇನ್ನೇನು ನಿಂದು ಅಂದ್ರು. ಮಗನ್ನ ಆರಿಸ್ಕೊಂಡು ಹೋದ್ರು. ತಮ್ಮನ್ನ ತಾನೇ ಕೊಟ್ಟುಬಿಟ್ಟೆ ಅಂದ್ಕೊಂಡು ಇವಳು ಬಾಯೇ ಬಿಡ್ತಿಲ್ಲ."

"ನನಗೆ ಗೊತ್ತಿರಲಿಲ್ಲಮ್ಮ..."

"ನಿಮಗೆ ಎಲ್ಲಾ ಗೊತ್ತು ಅಂತ ಮನೇಲಿ ದಿನಾ ಹೇಳೋಳು. ಟಿಸಿ ಕೊಡಿ, ಸಾಕು."

ಆಮೇಲೆ ಮೂರು ಭಾನುವಾರ ಟೀಚರ್ ಗುಬ್ಬಿಯ ಮನೆಗೆ ಹೋದರು. ಮೊದಲೆರಡು ಸಲ ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ಮೂರನೆಯ ಸಲ ಬಾಗಿಲು ತೆರೆದದ್ದು ಬೇರೆ ಬಾಡಿಗೆಯವರು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಟೀಚರ್ ತಾವೇ ಕೇಳಿಕೊಂಡು ಆ ತರಗತಿ ನಿಲ್ಲಿಸಿದರು, ಮುಂದಿನ ಎಂಟು ವರ್ಷವೂ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರು. ಹೊಸ ಮಕ್ಕಳು ಬಂದ ಜೂನಿನಲ್ಲೆಲ್ಲ ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ಒಂದೇ ಹೆಸರು ಹುಡುಕುತ್ತಿದ್ದರು. ಆಯಮ್ಮ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಗಿಲ ತನಕ ಹೋಗಿ, ನೆಲ ಒರೆಸಿ ವಾಪಸ್ಸು ಬಂದಳು. ನುಂಗಲೂ ಆಗದು, ಉಗುಳಲೂ ಆಗದು.

ಟೀಚರ್ ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಅಣ್ಣನ ಮಗಳೊಬ್ಬಳಿದ್ದಳು. ಬುಧವಾರ ಬುಧವಾರ ಆಯಮ್ಮ ಹೋಗಿ ತಲೆ ಬಾಚಿ, ದಿಂಬಿನ ಬಟ್ಟೆ ಬದಲಿಸಿ ಬರುತ್ತಿದ್ದಳು. ಕೊನೆಯ ಬುಧವಾರ ಅವರಿಗೆ ಉಸಿರು ಹಿಡಿದು ಹಿಡಿದು ಬರುತ್ತಿತ್ತು. ಮುಂದಿನ ವಾರಕ್ಕೆ ಅವರಿರಲಿಲ್ಲ.

"ಆ ತಾಯಿ ಕಡೆಯಿಂದ ಹೇಳಿನೋಡ್ದೆ," ಎಂದರು ಟೀಚರ್ ಆ ಬುಧವಾರ. "ಆ ಅಪ್ಪನ ಕಡೆಯಿಂದ್ಲೂ. ಗುಬ್ಬಿ ಕಡೆ ಮಾತ್ರ ನನಗೆ ಬರ್ತಾನೇ ಇಲ್ಲ."

ಆಯಮ್ಮ ಬಾಚಣಿಗೆ ಕೆಳಗಿಟ್ಟಳು. ಟೀಚರ್ ಅವಳ ಮಣಿಕಟ್ಟು ಹಿಡಿದುಕೊಂಡರು.

"ಆವತ್ತು ನಾನು ಎಬ್ಬಿಸಿ ನಿಲ್ಲಿಸೋಕೆ ಮುಂಚೆ, ಬೇಡ ಅಂತ ಆ ಮಗು ಯಾರ ಹತ್ರನಾದ್ರೂ ಹೇಳಿತ್ತಾ ಆಯಮ್ಮ?"